ಕಣಿಲೆ ನೆನೆಯಲು ಮೂರು ದಿನ, ವಿಡಿಯೊದಲ್ಲಿ ಮೂರು ಸೆಕೆಂಡ್

ಮಾನ್ಯ ಸಂಪಾದಕರೇ,

ಮೊಬೈಲ್ ಬಂದ ಮೇಲೆ ಕೊಡಗಿನ ಅಡುಗೆಮನೆಗಳು ಕೆಟ್ಟುಹೋದವು, ಹೆಣ್ಣುಮಕ್ಕಳು ಮನೆಯ ಹಿರಿಯರನ್ನು ಕೇಳುವುದು ಬಿಟ್ಟು ಯೂಟ್ಯೂಬ್ ನೋಡಿ ಹಬ್ಬದ ಅಡುಗೆ ಮಾಡುತ್ತಿದ್ದಾರೆ ಎಂದು ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಬೇಸರ ತೋಡಿಕೊಂಡಿದ್ದರು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾಗಿ, ಈಗ ನಾಪೋಕ್ಲು ಸಮೀಪದ ಮನೆಯಲ್ಲಿ ತೋಟ ಮತ್ತು ಅಡುಗೆ ಎರಡನ್ನೂ ನೋಡಿಕೊಂಡಿರುವ ನನಗೆ ಅವರ ಬೇಸರ ಅರ್ಥವಾಗುತ್ತದೆ. ಆದರೆ ಅವರು ಹೊರಿಸಿದ ಆರೋಪವನ್ನು ಪೂರ್ತಿಯಾಗಿ ಒಪ್ಪಲಾರೆ. ಆನ್‌ಲೈನ್ ಅಡುಗೆ ವಿಡಿಯೊಗಳಿಂದ ನಮ್ಮ ಮನೆಗೆ ಒಳ್ಳೆಯದೇ ಹೆಚ್ಚು ಆಗಿದೆ. ಅವುಗಳ ಮೇಲೆ ನನಗೂ ಒಂದು ದೂರಿದೆ, ಆದರೆ ಅದು ಬೇರೆಯೇ ದೂರು.

ಮೊದಲು ಆದ ಒಳ್ಳೆಯದನ್ನು ಹೇಳುತ್ತೇನೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನಿಂದ ಮನೆಗೆ ಬಂದ ನನ್ನ ಮಗನಿಗೆ ಅದುವರೆಗೆ ಚಹಾ ಕಾಸುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ನಮ್ಮ ಕಡೆ ಹಬ್ಬದ ದಿನ ಹಿತ್ತಲಿನಲ್ಲಿ ಒಲೆ ಹೂಡಿ ಮಾಂಸ ಬೇಯಿಸುವುದು ಗಂಡಸರ ಕೆಲಸವಾಗಿದ್ದರೂ, ಅದು ವರ್ಷಕ್ಕೆರಡು ಸಲದ ಉತ್ಸಾಹವಾಗಿತ್ತೇ ಹೊರತು ದಿನನಿತ್ಯದ ರೊಟ್ಟಿ ಪಲ್ಯಕ್ಕೆ ಅವರ ಕೈ ತಾಕುತ್ತಿರಲಿಲ್ಲ. ಆ ಹುಡುಗ ಆರು ತಿಂಗಳು ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟುಕೊಂಡು, ಬೆಂದ ಅನ್ನವನ್ನು ಅಕ್ಕಿಹಿಟ್ಟಿನ ಜೊತೆ ನಾದಿ ಕಾವಲಿಯ ಮೇಲೆ ಬೇಯಿಸಿ, ಕೊನೆಗೆ ಕೆಂಡದ ಮೇಲೆ ಉಬ್ಬಿಸುವ ನಮ್ಮ ಅಕ್ಕಿರೊಟ್ಟಿಯನ್ನು ಕಲಿತ. ಮೊದಲ ವಾರದ ರೊಟ್ಟಿಗಳನ್ನು ನಾಯಿಯೂ ಮೂಸಿ ಬಿಟ್ಟಿತ್ತು ಎಂಬುದನ್ನು ಇಲ್ಲಿ ಬರೆದರೆ ಅವನಿಗೆ ಕೋಪ ಬರಬಹುದು. ನನ್ನಿಂದ ಇಪ್ಪತ್ತೈದು ವರ್ಷದಲ್ಲಿ ಆಗದಿದ್ದ ಕೆಲಸವನ್ನು ಯಾರೋ ಅಪರಿಚಿತ ಹೆಣ್ಣುಮಗಳ ಹತ್ತು ನಿಮಿಷದ ವಿಡಿಯೊ ಮಾಡಿತು. ಆದ್ದರಿಂದ ‘ಹೆಣ್ಣುಮಕ್ಕಳು ಅಡುಗೆ ಮರೆತರು’ ಎಂದು ಬರೆದವರಿಗೆ ನನ್ನ ಪ್ರಶ್ನೆ ಇಷ್ಟೇ: ಗಂಡುಮಕ್ಕಳು ಕಲಿತದ್ದು ಲೆಕ್ಕಕ್ಕೆ ಬರುವುದಿಲ್ಲವೇ?

ಇನ್ನೊಂದು ಉಪಕಾರವೂ ಇದೆ. ನಮ್ಮ ಹಿರಿಯರ ಅಡುಗೆಯೆಲ್ಲ ಕಣ್ಣಂದಾಜಿನದು. ನಾನು ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ, 1987ರಲ್ಲಿ, ಅತ್ತೆಯವರು ಹೇಳಿದ್ದನ್ನೆಲ್ಲ ಒಂದು ಇನ್ನೂರು ಪುಟದ ನೋಟ್ ಪುಸ್ತಕದಲ್ಲಿ ಬರೆದಿಡಲು ಶುರುಮಾಡಿದೆ. ಅದರ ಮೊದಲ ಪುಟಗಳನ್ನು ಈಗ ತೆರೆದರೆ ‘ಬೇಕಾದಷ್ಟು ಉಪ್ಪು’, ‘ಸಾಕಾಗುವಷ್ಟು ನೀರು’, ‘ಪರಿಮಳ ಬರುವವರೆಗೆ ಹುರಿಯುವುದು’ ಎಂಬ ಸಾಲುಗಳೇ ಹೆಚ್ಚು. ಯಾವ ಪರಿಮಳ, ಎಷ್ಟು ಸಾಕು ಎಂದು ಕೇಳಿದರೆ ಅತ್ತೆಯವರು ‘ಮಾಡುತ್ತಾ ಮಾಡುತ್ತಾ ಗೊತ್ತಾಗುತ್ತದೆ’ ಎನ್ನುತ್ತಿದ್ದರು. ಅವರ ಮಾತು ಸುಳ್ಳಲ್ಲ. ಆದರೆ ಅದು ಒಂದೇ ಒಲೆಯ ಮುಂದೆ ಇಪ್ಪತ್ತು ವರ್ಷ ಜೊತೆಯಲ್ಲಿ ನಿಲ್ಲುವ ಅತ್ತೆ ಸೊಸೆಯರಿಗೆ ಹೊಂದುವ ಮಾತು; ವರ್ಷಕ್ಕೆ ಎರಡು ಹಬ್ಬಕ್ಕೆ ಮಾತ್ರ ಊರಿಗೆ ಬರುವ ಮಕ್ಕಳಿಗೆ ಲೋಟದ ಲೆಕ್ಕವೇ ಬೇಕು. ಆ ಲೆಕ್ಕವನ್ನು ವಿಡಿಯೊ ಮಾಡುವವರು ಕೊಡುತ್ತಾರೆ, ನಾವು ಕೊಟ್ಟಿರಲಿಲ್ಲ.

ಹಾಗಾದರೆ ನನ್ನ ದೂರು ಏನು? ಕೊಡಗಿನ ಅಡುಗೆಯಲ್ಲಿ ಅರ್ಧ ಕೆಲಸ ಒಲೆ ಹಚ್ಚುವ ಮೊದಲೇ ಮುಗಿದಿರುತ್ತದೆ. ಯಾವ ತಿಂಗಳಲ್ಲಿ ಕಿತ್ತದ್ದು, ಎಷ್ಟು ದಿನ ನೆನೆದದ್ದು, ಅಕ್ಕಿ ಹೊಸದೋ ಹಳೆಯದೋ ಎಂಬುದರ ಮೇಲೆ ರುಚಿಯೂ, ಕೆಲವೊಮ್ಮೆ ತಿನ್ನುವವರ ಆರೋಗ್ಯವೂ ನಿಂತಿದೆ. ನೋಡುವವರಿಗೆ ಬೇಸರವಾಗುತ್ತದೆ ಎಂದು ವಿಡಿಯೊದವರು ಕತ್ತರಿ ಹಾಕುವುದು ಸರಿಯಾಗಿ ಈ ಕಾಯುವ ಭಾಗಕ್ಕೇ.

ಕಣಿಲೆಯನ್ನೇ ತೆಗೆದುಕೊಳ್ಳಿ. ಮುಂಗಾರು ಹಿಡಿದ ಮೇಲೆ ಬಿದಿರು ಮೆಳೆಯ ಬುಡದಲ್ಲಿ ಏಳುವ ಎಳೆಯ ಮೊಳಕೆಯನ್ನು ಸಿಪ್ಪೆ ಸುಲಿದು, ಸಣ್ಣಗೆ ಹೆಚ್ಚಿ, ನೀರಿನಲ್ಲಿ ಮುಳುಗಿಸಿಟ್ಟು, ದಿನಕ್ಕೊಮ್ಮೆ ನೀರು ಬದಲಿಸಿ, ಎರಡು ಮೂರು ದಿನ ಕಳೆದ ಬಳಿಕ ಕುದಿಸಿ, ಆ ನೀರನ್ನೂ ಚೆಲ್ಲಿ ಆಮೇಲೆ ಪಲ್ಯಕ್ಕೋ ಸಾರಿಗೋ ಹಾಕುವುದು ನಮ್ಮಲ್ಲಿನ ಕ್ರಮ. ಇದು ಶಾಸ್ತ್ರಕ್ಕಾಗಿ ನಡೆದು ಬಂದ ಪದ್ಧತಿಯಲ್ಲ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಒಂದು ಸಹಜ ವಸ್ತು ಇರುತ್ತದೆ. ಹೆಚ್ಚಿ ನೆನೆಹಾಕಿದಾಗ ಅದು ಒಡೆದು ನೀರಿಗಿಳಿಯುತ್ತದೆ, ಉಳಿದದ್ದು ಕುದಿಯುವಾಗ ಹೋಗುತ್ತದೆ. ನಾಲಿಗೆಗೆ ತಾಗುವ ಕಹಿ ಅದೇ. ಕಳೆದ ಜುಲೈನಲ್ಲಿ ನಮ್ಮ ನೆಂಟರ ಮನೆಯ ಹುಡುಗಿಯೊಬ್ಬಳು ಮೈಸೂರಿನ ಬಾಡಿಗೆ ಮನೆಯಲ್ಲಿ, ರೀಲ್ಸ್ ನೋಡಿಕೊಂಡು, ಬೆಳಿಗ್ಗೆ ತಂದ ಕಣಿಲೆಯನ್ನು ಮಧ್ಯಾಹ್ನಕ್ಕೇ ಒಗ್ಗರಣೆಗೆ ಹಾಕಿದಳು. ಪುಣ್ಯಕ್ಕೆ ಮೊದಲ ತುತ್ತಿಗೇ ಬಾಯಿ ಕಹಿಯಾಗಿ ಪಾತ್ರೆಯನ್ನೇ ಚೆಲ್ಲಿದಳು. ಆ ರೀಲ್ಸನ್ನು ನಾನೂ ನೋಡಿದೆ. ಹೆಚ್ಚಿದ ಕಣಿಲೆ ಬಟ್ಟಲಿನಲ್ಲಿ ನೀರಿಗೆ ಬೀಳುತ್ತದೆ, ಮೂರು ಸೆಕೆಂಡಿನಲ್ಲಿ ಸೌಟು ಬಾಣಲೆಯಲ್ಲಿ ಆಡುತ್ತದೆ. ಆ ಎರಡು ದೃಶ್ಯಗಳ ನಡುವೆ ಮೂರು ದಿನ ಕಳೆದಿದೆ ಎಂದು ಹೇಳಲು ಒಂದು ಸಾಲು ಸಾಕಾಗಿತ್ತು. ಮೀಸಲು ಅರಣ್ಯಕ್ಕೆ ನುಗ್ಗಿ ಕಣಿಲೆ ಮುರಿಯುವುದು ಕಾನೂನಿಗೆ ವಿರುದ್ಧ, ಸ್ವಂತ ಜಾಗದ ಮೆಳೆಯದ್ದೋ ಎಂದು ಕೇಳಿಕೊಂಡು ಕೊಳ್ಳಬೇಕು ಎಂಬುದನ್ನೂ ಅದೇ ಸಾಲಿನ ಪಕ್ಕ ಬರೆಯಬಹುದಿತ್ತು.

ಅಣಬೆಯ ವಿಷಯದಲ್ಲಂತೂ ನನ್ನ ಮಾತು ಇನ್ನೂ ಕಟುವಾಗಿದೆ. ಮಳೆಗಾಲದಲ್ಲಿ ಗುಡುಗು ಸಿಡಿಲಿನ ಬೆನ್ನಿಗೆ ತೋಟದಲ್ಲಿ ಏಳುವ ಅಣಬೆಯ ಸಾರಿನ ರುಚಿ ತಿಂದವರಿಗೇ ಗೊತ್ತು. ಆದರೆ ಯಾವುದು ತಿನ್ನುವಂಥದ್ದು ಎಂದು ಆ ಜಾಗವನ್ನು ವರ್ಷಾನುಗಟ್ಟಲೆ ಬಲ್ಲವರು ಕೈಯಲ್ಲಿ ಹಿಡಿದು ನೋಡಿ ಹೇಳಬೇಕೇ ವಿನಾ ಮೊಬೈಲ್ ಪರದೆಯ ಮೇಲಿನ ಚಿತ್ರಕ್ಕೆ ಹೋಲಿಸಿ ಯಾರೂ ಕೀಳಬಾರದು.

ಮದ್ದುಸೊಪ್ಪಿನ ಪ್ರಸಂಗ ಇಷ್ಟು ಗಂಭೀರವಲ್ಲ, ನಗು ಬರಿಸುವಂಥದ್ದು. ಕಕ್ಕಡ ತಿಂಗಳ 18ನೇ ದಿನ, ಅಂದರೆ ಸಾಮಾನ್ಯವಾಗಿ ಆಗಸ್ಟ್ 3ರಂದು, ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಎಂಬುದು ನಮ್ಮವರ ನಂಬಿಕೆ. ಔಷಧಿಯ ಲೆಕ್ಕ ಏನೇ ಇರಲಿ, ಅದರ ಪರಿಮಳ ಆ ಹೊತ್ತಿಗೆ ಏರುವುದನ್ನು ಮೂಗಿದ್ದ ಯಾರೂ ಅಲ್ಲಗಳೆಯಲಾರರು. ದಂಟು ಸಮೇತ ಸೊಪ್ಪನ್ನು ಕುದಿಸಿದರೆ ನೇರಳೆ ಬಣ್ಣದ ರಸ ಇಳಿಯುತ್ತದೆ. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಸೇರಿಸಿದರೆ ಪಾಯಸ. ಮಗಳ ಜೊತೆ ಬೆಂಗಳೂರಿನ ಪಿಜಿಯಲ್ಲಿದ್ದ ಗೆಳತಿಯೊಬ್ಬಳು ವಿಡಿಯೊ ನೋಡಿ ಆಸೆಪಟ್ಟು, ಮಗಳು ಊರಿಂದ ಒಯ್ದ ಸೊಪ್ಪಿನಲ್ಲಿ ಪಾಯಸ ಮಾಡಿ ಎರಡು ಬಟ್ಟಲು ಉಂಡು ಮಲಗಿದಳು. ಬೆಳಿಗ್ಗೆ ಬಚ್ಚಲುಮನೆಯಿಂದ ಕಿರುಚಿಕೊಂಡು ಹೊರಗೆ ಬಂದು, ಆಸ್ಪತ್ರೆಗೆ ಹೊರಡಲು ಆಟೋ ಕರೆಸುತ್ತಿದ್ದವಳನ್ನು ಮಗಳು ತಡೆದು ನನಗೆ ಫೋನ್ ಮಾಡಿದಳು. ಮದ್ದುಸೊಪ್ಪು ತಿಂದ ಮರುದಿನ ಮೂತ್ರ ಕೆಂಪಾಗುವುದು ಕೊಡಗಿನ ಮಕ್ಕಳಿಗೆ ಹುಟ್ಟಿನಿಂದ ಗೊತ್ತಿರುವ ತಮಾಷೆ. ಹೊರಗಿನವರಿಗೆ ಅದನ್ನು ಹೇಳಬೇಕು ಎಂಬುದು ಕೊಡಗಿನಲ್ಲೇ ಕುಳಿತು ವಿಡಿಯೊ ಮಾಡಿದವರಿಗೆ ಹೊಳೆದಿರಲಿಲ್ಲ. ಈಗ ಆ ಸೊಪ್ಪಿನ ಪುಡಿಯೂ ಆನ್‌ಲೈನ್‌ನಲ್ಲಿ ವರ್ಷವಿಡೀ ಸಿಗುತ್ತದೆಯಂತೆ. ಫೆಬ್ರವರಿಯಲ್ಲಿ ಮದ್ದು ಪಾಯಸ ಉಣ್ಣುವ ಆಸೆ ನನಗಿಲ್ಲ, ಉಣ್ಣುವವರನ್ನು ಬೇಡವೆನ್ನುವುದೂ ಇಲ್ಲ.

ಕಾಚಂಪುಳಿಯ ಬಗ್ಗೆ ಮಾತ್ರ ಬೇಡವೆನ್ನಲೇಬೇಕಾಗಿದೆ. ಮಲೆನಾಡಿನ ಬೇರೆ ಕಡೆ ಉಪ್ಪಾಗೆ ಎಂದು ಕರೆಯುವ ಮರದ ಹಣ್ಣು ಮಳೆಗಾಲದಲ್ಲಿ ಕಳಿತು ಉದುರಿದಾಗ ಅದನ್ನು ಆರಿಸಿ, ಬುಟ್ಟಿಯಲ್ಲಿ ರಾಶಿ ಹಾಕಿ, ಕೆಳಗೆ ಪಾತ್ರೆಯಿಟ್ಟು ತೊಟ್ಟಿಕ್ಕುವ ರಸ ಹಿಡಿದು, ಅದನ್ನು ಕಪ್ಪಾಗಿ ಗಟ್ಟಿಯಾಗುವವರೆಗೆ ಕಾಸಿ ಇಳಿಸಿದ್ದು ಕಾಚಂಪುಳಿ. ಚೆನ್ನಾಗಿ ಕಾಸಿದ್ದನ್ನು ಬಾಟಲಿಗೆ ತುಂಬಿಟ್ಟರೆ ಫ್ರಿಜ್ ಇಲ್ಲದೆಯೂ ವರ್ಷಗಟ್ಟಲೆ ಕೆಡುವುದಿಲ್ಲ. ಹಂದಿಮಾಂಸಕ್ಕೂ ಮೀನಿಗೂ ಬೀಳುವುದು ಚಮಚದ ಲೆಕ್ಕದಲ್ಲಿ, ಅದೂ ಇಳಿಸುವ ಹೊತ್ತಿಗೆ. ಈ ಹುಳಿಯನ್ನು ಹಲವು ವಿಡಿಯೊಗಳು ಕೋಕಂ ಎಂದು ಕರೆಯುತ್ತವೆ. ಕೋಕಂ ಎಂದರೆ ಕರಾವಳಿಯವರ ಪುನರ್ಪುಳಿ, ಶಿರಸಿ ಕಡೆಯ ಮುರುಗಲು. ಅದು ಕೆಂಪು ಹಣ್ಣು, ಅದರ ಸಿಪ್ಪೆ ಒಣಗಿಸಿ ಶರಬತ್ತು ಮಾಡುತ್ತಾರೆ. ಎರಡೂ ಒಂದೇ ಕುಲದ ಮರಗಳಾದರೂ ಹಣ್ಣು ಬೇರೆ, ಹುಳಿ ಬೇರೆ. ‘ಕಾಚಂಪುಳಿ ಇಲ್ಲದಿದ್ದರೆ ವಿನೆಗರ್ ಹಾಕಿ’ ಎಂಬ ಸಲಹೆಯನ್ನಾದರೂ ಸಹಿಸಬಹುದು, ಇಲ್ಲದವರು ಏನು ಮಾಡಿಯಾರು. ತಪ್ಪು ಹೆಸರನ್ನು ಮಾತ್ರ ಸಹಿಸಲಾಗುವುದಿಲ್ಲ, ಏಕೆಂದರೆ ಒಮ್ಮೆ ತಪ್ಪಾಗಿ ಬರೆದದ್ದನ್ನು ನೂರು ಜನ ನಕಲು ಮಾಡುತ್ತಾರೆ.

ಹೆಸರಿನ ಗೊಂದಲ ನಮ್ಮ ಮನೆಯ ಕಳೆದ ಹುತ್ತರಿಯಲ್ಲೂ, ಅಂದರೆ ಹೊಸ ಭತ್ತದ ಕದಿರು ಮನೆಗೆ ತರುವ ಹಬ್ಬದಲ್ಲೂ, ಆಯಿತು. ಕಕ್ಕಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಹಬ್ಬದ ದಿನ ನಿಗದಿಯಾಗಿ, ನೆರೆ ಎಂಬ ಎಲೆಗಳ ಕಟ್ಟು ಕಟ್ಟುವುದಕ್ಕೆ, ಕದಿರು ತೆಗೆಯುವುದಕ್ಕೆ, ಭೋಜನಕ್ಕೆ ಇಂತಿಷ್ಟು ಗಂಟೆ ಎಂದು ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ದಿನವೇ, ಮದುವೆಯಾಗಿ ಬಂದ ಮೇಲೆ ಮೊದಲ ಹುತ್ತರಿ ಕಾಣುತ್ತಿದ್ದ ಧಾರವಾಡ ಕಡೆಯ ನನ್ನ ಸೊಸೆ ‘ತಂಬಿಟ್ಟು ನಾನs ಮಾಡ್ತೀನ್ರಿ ಅತ್ತಿ’ ಎಂದು ಹೊರಟಳು. ಅವಳ ತವರಿನಲ್ಲಿ ನಾಗರಪಂಚಮಿಗೆ ಕಟ್ಟುವ ತಂಬಿಟ್ಟಿನ ಉಂಡೆ ಅವಳಿಗೆ ಗೊತ್ತು. ಮೊಬೈಲಿನಲ್ಲಿ ಅದೇ ಹೆಸರು ಹುಡುಕಿದಾಗ ಮೈಸೂರು ಕಡೆಯ ಬೆಲ್ಲ ಅಕ್ಕಿಹಿಟ್ಟಿನ ತಂಬಿಟ್ಟು, ಅದರ ಮೇಲೆ ದೀಪ ಹಚ್ಚಿ ಒಯ್ಯುವ ಆರತಿ ಎಲ್ಲ ಬಂದವು, ಕೊಡಗಿನದು ಬರಲಿಲ್ಲ. ‘ತಂಬುಟ್ಟು’ ಎಂದು ನಾನು ಬರೆದು ತೋರಿಸಿದ ಮೇಲೆ ನಮ್ಮದು ಸಿಕ್ಕಿತು.

ಸಿಕ್ಕಿದ ವಿಡಿಯೊದಲ್ಲಿ ಬಾಳೆಹಣ್ಣನ್ನು ಮಿಕ್ಸಿಗೆ ಹಾಕಿದ್ದರು. ಸೊಸೆಯೂ ಹಾಗೆಯೇ ಹಾಕಿದಳು. ಹಣ್ಣು ನೀರಾಗಿ, ಹಿಟ್ಟು ಎಷ್ಟು ಸುರಿದರೂ ಹೀರಿಕೊಳ್ಳುತ್ತ, ಕೊನೆಗೆ ಹಿಟ್ಟಿನದೇ ರುಚಿಯಾಯಿತು. ಬೆಲ್ಲ ಹಾಕಿ ಸರಿಪಡಿಸಲೇ ಎಂದು ಕೇಳಿದವಳಿಗೆ ಎಂಬತ್ತಾರು ವರ್ಷದ ನನ್ನ ಅತ್ತೆ, ‘ಹಣ್ಣು ಕಳಿತಿದ್ದರೆ ಬೆಲ್ಲ ಯಾಕೆ ಮಗ?’ ಎನ್ನುತ್ತ ಅಡುಗೆಮನೆಗೆ ಬಂದು ನೆಲದ ಮೇಲೆ ಕುಳಿತರು. ಹುತ್ತರಿಗೆಂದು ವಾರದ ಮೊದಲೇ ತೂಗುಹಾಕಿದ್ದ ಗೊನೆಯಿಂದ ಸಿಪ್ಪೆ ಪೂರ್ತಿ ಕಪ್ಪಾದ ಪುಟ್ಟಬಾಳೆಯನ್ನೇ ಆರಿಸಿ ಆರಿಸಿ ಕಿತ್ತರು. ಕುಸುಬಲಕ್ಕಿಯನ್ನು ನಾಲ್ಕು ಕಾಳು ಮೆಂತ್ಯದ ಜೊತೆ ಹುರಿದು ಏಲಕ್ಕಿ ಸೇರಿಸಿ ಬೀಸಿಟ್ಟ ಹಿಟ್ಟು ಪಕ್ಕದಲ್ಲಿತ್ತು. ಹಣ್ಣನ್ನು ಅಂಗೈಯ ಬುಡದಿಂದ ಒತ್ತಿ ಒತ್ತಿ ಕಿವುಚಿ, ನಾರು ಸಿಕ್ಕಿದರೆ ಎರಡು ಬೆರಳಲ್ಲಿ ತೆಗೆದು ಬದಿಗಿಟ್ಟು, ಹಿಟ್ಟನ್ನು ಹಿಡಿ ಹಿಡಿಯಾಗಿ ಬೀಳಿಸುತ್ತ, ಮುದ್ದೆ ಬೆರಳು ಬಿಟ್ಟು ಬರುವ ಹದಕ್ಕೆ ನಿಲ್ಲಿಸಿದರು. ಒಲೆಯ ಕೆಲಸವೇ ಇಲ್ಲ. ಮೇಲೆ ತೆಂಗಿನತುರಿ, ಹುರಿದ ಎಳ್ಳು, ನಡುವೆ ಗುಳಿ ಮಾಡಿ ತುಪ್ಪ. ಸೊಸೆ ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿಯುತ್ತಿದ್ದಳು. ಆ ವಿಡಿಯೊ ಹನ್ನೊಂದು ನಿಮಿಷವಿದೆ, ಅದರಲ್ಲಿ ಏಳು ನಿಮಿಷ ಅತ್ತೆಯ ಕೈ ಮಾತ್ರ ಕಾಣುತ್ತದೆ. ಬೇರೆಯವರಿಗೆ ಹಾಕಬೇಕಾದರೆ ಅದನ್ನು ಒಂದು ನಿಮಿಷಕ್ಕೆ ಇಳಿಸಬೇಕು ಎಂದು ಮಗ ಹೇಳಿದಾಗ ಅವಳು ಒಪ್ಪಲಿಲ್ಲ.

ಆ ರಾತ್ರಿ ಗದ್ದೆಯಿಂದ ‘ಪೊಲಿ ಪೊಲಿ ದೇವಾ’ ಎನ್ನುತ್ತ ಕದಿರು ತಂದು ಕಟ್ಟಿದ ಮೇಲೆ ಹದಿನೇಳು ಜನ ಒಟ್ಟಿಗೆ ಎಲೆಯ ಮುಂದೆ ಕುಳಿತೆವು. ಬೇಯಿಸಿದ ಹುತ್ತರಿ ಗೆಣಸಿಗೆ ಬೆಲ್ಲದ ಪಾಕ, ಹೊಸ ಕದಿರಿನ ಕಾಳು ಸುಲಿದು ಹಾಕಿದ ಪಾಯಸ, ತಂಬುಟ್ಟು, ಅಕ್ಕಿತರಿಯ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ ಕಡಂಬುಟ್ಟು. ಮಗಳು ಬಡಿಸಲು ನಿಂತರೆ ಮಗ ಅವಳನ್ನು ಕೂರಿಸಿ ತಾನು ಸೌಟು ಹಿಡಿದ. ನಾನು ಈ ಮನೆಗೆ ಬಂದ ವರ್ಷ ಹೆಂಗಸರು ಉಣ್ಣುವಾಗ ರಾತ್ರಿ ಹನ್ನೆರಡು ದಾಟಿ ತುಪ್ಪ ಖಾಲಿಯಾಗಿತ್ತು. ಆ ಕಾಲದ ಹಬ್ಬವೇ ಚೆಂದವಿತ್ತು ಎನ್ನುವವರ ಸಾಲಿನಲ್ಲಿ ನಾನಿಲ್ಲ.

ಕಡಂಬುಟ್ಟಿನ ಬಗ್ಗೆ ಒಂದು ಮಾತು ಸೇರಿಸದಿದ್ದರೆ ನನ್ನ ದೂರು ಪೂರ್ಣವಾಗುವುದಿಲ್ಲ. ಒಂದು ಲೋಟ ಅಕ್ಕಿತರಿಗೆ ಎರಡು ಲೋಟ ನೀರು ಎಂಬುದು ಹೆಚ್ಚಿನ ವಿಡಿಯೊಗಳ ಲೆಕ್ಕ, ನನ್ನ ನೋಟ್ ಪುಸ್ತಕದ ಲೆಕ್ಕವೂ ಅದೇ. ಆದರೆ ಅದು ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಹಬ್ಬದ ಲೆಕ್ಕ. ಆಗ ನಾಟಿ ಮುಗಿದಿರುತ್ತದೆ, ಪತ್ತಾಯದಲ್ಲಿರುವುದು ಹಿಂದಿನ ವರ್ಷದ ಭತ್ತ, ಚೆನ್ನಾಗಿ ಒಣಗಿ ಹಳತಾದ ಅಕ್ಕಿ ನೀರು ಕುಡಿಯುತ್ತದೆ. ಕೊಯ್ಲಾದ ಹೊಸತರ ಅಕ್ಕಿಗೆ ಅಷ್ಟೇ ನೀರಿಟ್ಟರೆ ಹಿಟ್ಟು ಅಂಟಾಗಿ ಉಂಡೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಅಂಗಡಿಯ ಇಡ್ಲಿರವೆಯನ್ನು ಬಳಸಿ ಎನ್ನುವವರೂ ಇದ್ದಾರೆ. ಅದು ಸಾಮಾನ್ಯವಾಗಿ ಕುಸುಬಲಕ್ಕಿಯ ರವೆ, ನಮಗೆ ಬೇಕಾದದ್ದು ಬೆಳ್ತಿಗೆ, ಅಂದರೆ ಭತ್ತ ಕುದಿಸದೆ ಮಾಡಿದ, ಅಕ್ಕಿಯನ್ನು ತೊಳೆದು ಆರಿಸಿ ಒಡೆದ ತರಿ. ಅಡುಗೆ ಹದಗೆಟ್ಟಾಗ ಹುಡುಗರು ತಮ್ಮ ಕೈಗುಣವನ್ನು ಬೈದುಕೊಳ್ಳುತ್ತಾರೆ, ಅಕ್ಕಿಯ ವಯಸ್ಸನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರ ಕೊಡುವವರು ಕಡಿಮೆಯಾಗುತ್ತಿದ್ದಾರೆ: ನಮ್ಮ ಸುತ್ತಲಿನ ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ, ಕೆಲವು ಶುಂಠಿಗೆ, ಕೆಲವು ನಿವೇಶನಕ್ಕೆ ಹೋಗಿವೆ, ಕದಿರು ತೆಗೆಯಲು ನೆರೆಮನೆಯವರ ಗದ್ದೆಗೆ ಹೋಗುವ ಕುಟುಂಬಗಳು ಈಗ ಅಪರೂಪವಲ್ಲ.

ಇನ್ನೊಂದು ಸಂಗತಿಯನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಆನ್‌ಲೈನ್‌ನಲ್ಲಿ ಕೊಡಗಿನ ಅಡುಗೆ ಎಂದರೆ ಹಂದಿಮಾಂಸ ಮಾತ್ರ ಎಂಬಂತಾಗಿದೆ. ನಮ್ಮ ಮನೆಯಲ್ಲಿ ಅದು ಬೇಯುತ್ತದೆ, ನನಗೂ ಇಷ್ಟವೇ. ಆದರೆ ಅಕ್ಟೋಬರ್‌ನಲ್ಲಿ ತಲಕಾವೇರಿಯ ತೀರ್ಥೋದ್ಭವದ ದಿನ ಇದೇ ಮನೆಯಲ್ಲಿ ದೋಸೆಯೂ ಕುಂಬಳಕಾಯಿ ಪಲ್ಯವೂ ಆಗುತ್ತದೆ, ಮಾಂಸದ ಮಾತೇ ಇಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಕಾಡುಮಾವಿನ ಹಣ್ಣಿನ ಗೊಜ್ಜು, ಮಳೆಯಲ್ಲಿ ಹುಳಿ ಹಾಕಿ ತುರಿಕೆ ಕಳೆದ ಕೆಸುವಿನ ಪಲ್ಯ, ಹಲಸಿನ ಬೀಜದ ಸಾರು, ಅಕ್ಕಿತರಿಗೆ ಹಾಲು, ತೆಂಗಿನತುರಿ ಸೇರಿಸಿ ಹಬೆಯಲ್ಲಿ ಬೇಯಿಸುವ ಪಾಪುಟ್ಟು, ಒತ್ತಿನಲ್ಲಿ ಒತ್ತಿದ ಅಕ್ಕಿ ಶಾವಿಗೆಯಾದ ನೂಪುಟ್ಟು. ಇವು ಕೊಡವರ ಮನೆಯಲ್ಲೂ ನಮ್ಮಂಥ ಅರೆಭಾಷೆ ಗೌಡರ ಮನೆಯಲ್ಲೂ ಇವೆ. ಸೋಮವಾರಪೇಟೆ ಕಡೆಯ ಒಕ್ಕಲಿಗರ ಮತ್ತು ಲಿಂಗಾಯತರ ಅಡುಗೆ, ಮಾಪಿಳ್ಳೆಗಳ ಅಡುಗೆ, ಹಾಡಿಗಳಲ್ಲಿರುವ ಯರವರ, ಕುರುಬರ ಗೆಡ್ಡೆ ಸೊಪ್ಪಿನ ಅಡುಗೆ ಇವೆಲ್ಲ ವಿಡಿಯೊಗಳಲ್ಲಿ ಕಾಣುವುದು ತೀರಾ ಅಪರೂಪ. ನೋಡುವವರ ಸಂಖ್ಯೆ ಹಂದಿಮಾಂಸಕ್ಕೇ ಹೆಚ್ಚು ಎಂದು ಮಗ ವಿವರಿಸಿದ. ಇರಬಹುದು.

ತಮ್ಮ ಪತ್ರಿಕೆಯನ್ನೂ ಒಂದು ಮಾತು ಕೇಳಬೇಕೆಂದಿದ್ದೇನೆ. ಹಬ್ಬದ ಪುರವಣಿಗಳಲ್ಲಿ ಬರುವ ಪಾಕವಿಧಾನಗಳು ಬಣ್ಣದ ಚಿತ್ರದ ಜೊತೆ ಚೆನ್ನಾಗಿಯೇ ಇರುತ್ತವೆ, ಆದರೆ ಹುತ್ತರಿಯ ವಾರದಲ್ಲೂ ಅಲ್ಲಿರುವುದು ಎಲ್ಲಿಯೂ ಯಾವಾಗಲೂ ಮಾಡಬಹುದಾದ ಹಲ್ವ ಮತ್ತು ಕಟ್ಲೆಟ್. ತಿಂಗಳಿಗೊಮ್ಮೆ ಕೊಡಗಿನ ಆವೃತ್ತಿಯಲ್ಲಿ ಅರ್ಧ ಕಾಲಂ ಬಿಟ್ಟುಕೊಟ್ಟರೆ, ಆ ತಿಂಗಳು ತೋಟದಲ್ಲಿ ಗದ್ದೆಯಲ್ಲಿ ಏನು ಸಿಗುತ್ತದೆ, ಅದನ್ನು ಎಷ್ಟು ಹೊತ್ತು ನೆನೆಹಾಕಬೇಕು, ಏನು ಮಾಡಬಾರದು ಎಂಬುದನ್ನು ಬೇರೆ ಬೇರೆ ಮನೆಗಳ ಹಿರಿಯರಿಂದ ಲೋಟ ಚಮಚಗಳ ಲೆಕ್ಕದಲ್ಲಿ ಬರೆಸಬಹುದು. ವಿಡಿಯೊ ಮಾಡುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಿಗೂ ಅದರಿಂದ ಅನುಕೂಲ. ಅವರು ಒಂದು ನಿಮಿಷದ ವಿಡಿಯೊವನ್ನೇ ಮಾಡಲಿ, ಕೆಳಗೆ ‘ಕಣಿಲೆ ಮೂರು ದಿನ ನೆನೆದಿದೆ’, ‘ಇದು ಹಳೆ ಅಕ್ಕಿ’ ಎಂದು ಬರೆದರೆ ಸಾಕು. ಅಜ್ಜಿಯರ ಬಳಿ ಕುಳಿತು ಹಿಡಿದ ಉದ್ದ ವಿಡಿಯೊಗಳನ್ನು ಯಾರೂ ನೋಡದಿದ್ದರೂ ಅಳಿಸದೆ ಇಡಲಿ.

ಕಾಲಂ ಶುರುಮಾಡುವುದಾದರೆ ನನ್ನ ನೋಟ್ ಪುಸ್ತಕದ ಪ್ರತಿಯನ್ನು ಕಳುಹಿಸಿಕೊಡಲು ಸಿದ್ಧಳಿದ್ದೇನೆ. ಪುಟಗಳು ಹಳದಿಯಾಗಿವೆ, ಅಲ್ಲಲ್ಲಿ ಕಾಚಂಪುಳಿಯ ಕಪ್ಪು ಬೆರಳಚ್ಚುಗಳಿವೆ, ಆದರೂ ಓದಬಹುದು. ನೂಪುಟ್ಟಿನ ಪುಟದಲ್ಲಿ ಮಾತ್ರ ತುಪ್ಪ ಚೆಲ್ಲಿ ಎರಡು ಸಾಲು ಮಸುಕಾಗಿವೆ. ಅತ್ತೆಯವರನ್ನು ಕೇಳಿ, ಈ ಸಲ ‘ಬೇಕಾದಷ್ಟು’ ಎಂದರೆ ಬಿಡದೆ ಲೋಟದಲ್ಲಿ ಅಳೆದು, ಆ ಸಾಲುಗಳನ್ನು ತುಂಬಿಸಿಯೇ ಕಳುಹಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ,
ನಾಪೋಕ್ಲು, ಕೊಡಗು ಜಿಲ್ಲೆ